ಬೇರೆ ಕಂಪನಿಯ ಎಂಸಿಬಿ

ಜಬೀವುಲ್ಲಾ ಮೂವತ್ತು ವರ್ಷ ಒಂದೇ ಮಾತನ್ನು ಹೇಳಿಕೊಂಡು ಬಂದ. ಕರೆಂಟು ಹಂಚುವ ಒಂದು ಡಿಬಿ ಬಾಕ್ಸಿನಲ್ಲಿ, ಲೋಡು ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚುಗಳೆಲ್ಲ ಒಂದೇ ಕಂಪನಿಯವಾಗಿರಬೇಕು, ನಡುವೆ ಇನ್ನೊಂದು ಕಂಪನಿಯದನ್ನು ತುರುಕಬಾರದು. ಚಿತ್ರದುರ್ಗದಲ್ಲಿ ಅವನಿಂದ ವೈರಿಂಗ್ ಮಾಡಿಸಿದವರಿಗೆಲ್ಲ ಈ ಮಾತು ಗೊತ್ತು. ಕೆಲವರಿಗೆ ಅದು ನಗುವ ವಿಷಯವಾಗಿತ್ತು.

ಅವನಪ್ಪ ಕಲಾಯಿ ಹಾಕುತ್ತಿದ್ದವನು. ಬೀದಿ ಬೀದಿ ತಿರುಗಿ, ತಿದಿ ಊದಿ, ತಾಮ್ರದ ಹಂಡೆ ಕೊಳಗಗಳನ್ನು ಬೆಳ್ಳಗೆ ಮಾಡಿಕೊಟ್ಟು ನಾಲ್ಕು ಮಕ್ಕಳನ್ನು ಸಾಕಿದ. ಮನೆಮನೆಗೂ ಸ್ಟೀಲು ಬಂದ ಮೇಲೆ ಆ ಕಸುಬಿಗೆ ಕೆಲಸವಿಲ್ಲದಂತಾಯಿತು. ಜಬೀವುಲ್ಲಾ ಹದಿನಾರನೇ ವಯಸ್ಸಿಗೆ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಸೇರಿ, ಅಲ್ಲಿಂದ ವೈರಿಂಗಿಗೆ ಬಂದ. ಈಗ ಐವತ್ತೆಂಟು. ತೆಳ್ಳಗಿನ ಮೈ, ಮೆಹಂದಿ ಹಚ್ಚಿ ಕೆಂಪಗಾದ ಗಡ್ಡ, ಸ್ಕೂಟರಿನಲ್ಲಿ ಕಾಲ ಬಳಿ ಒಂದು ಕ್ಯಾನ್ವಾಸ್ ಚೀಲ. ಯಾರ ಮನೆಗೆ ಹೋದರೂ ಮೊದಲು ಡಿಬಿ ಬಾಕ್ಸಿನ ಮುಚ್ಚಳಕ್ಕೆ ಅಂಗೈ ಹಿಂಬದಿಯನ್ನು ತಾಗಿಸಿ ನೋಡುವುದು ಅವನ ರೂಢಿ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟುತ್ತಾನೆ ಅಂತ ಜನ ಹೇಳುತ್ತಿದ್ದರು.

"ಎಲ್ಲಾ ಒಂದೇ ಅಳತೆ ಅಲ್ವೇನ್ರಿ? ಜಾಗದಾಗೆ ಕೂತ್ರೆ ಸಾಕಲ್ಲ" ಎಂದು ಯಾರಾದರೂ ಕೇಳಿದರೆ ಅವನಿಗೆ ಬೇಸರವಿರಲಿಲ್ಲ. ಚೀಲದಿಂದ ಎರಡು ಕಂಪನಿಯ ಎರಡು ಎಂಸಿಬಿ ತೆಗೆದು ಅಕ್ಕಪಕ್ಕ ಹಿಡಿಯುತ್ತಿದ್ದ.

"ಮುಂದ್ಗಡೆಯಿಂದ ನೋಡಿದ್ರೆ ಅಣ್ಣತಮ್ಮಂದಿರಂಗವೆ. ಈಗ ಕರೆಂಟು ಒಳಗೆ ಹೋಗೋ ಬಾಯಿ ನೋಡ್ರಿ. ಇದರದ್ದು ಮೇಲೈತೆ, ಇದರದ್ದು ಒಂದು ಅಕ್ಕಿಕಾಳಿನಷ್ಟು ಕೆಳಗೈತೆ. ಪೆಟ್ಟಿಗೆ ಒಳಗೆ ಬಾಚಣಿಗೆ ಥರ ಒಂದು ತಾಮ್ರದ ಪಟ್ಟಿ ಇರ್ತೈತೆ. ಅದರ ಹಲ್ಲು ಎಲ್ಲಾ ಎಂಸಿಬಿ ಬಾಯಾಗೂ ಪೂರ್ತಿ ಹೋಗ್ಬೇಕು. ಬಾಯಿ ಹೆಚ್ಚುಕಮ್ಮಿ ಆದ್ರೆ ಹಲ್ಲಿನ ತುದಿ ಮಾತ್ರ ಸಿಗ್ತೈತೆ. ಸ್ಕ್ರೂ ಬಿಗಿ ಆತು ಅನ್ಸುತ್ತೆ, ಆಗಿರಲ್ಲ. ಅಲ್ಲಿಂದ ಬಿಸಿ ಶುರು."

"ಬಿಸಿ ಆದ್ರೆ ಅದೇ ಬಿದ್ಹೋಗ್ತೈತಲ್ಲ ಭಾಯ್. ಅದಕ್ಕೇ ತಾನೆ ಎಂಸಿಬಿ ಹಾಕ್ಸೋದು?"

"ಕರೆಂಟು ಮಿತಿ ಮೀರಿದ್ರೆ ಬೀಳುತ್ತೆ. ಇಲ್ಲಿ ಮಿತಿ ಮೀರಿರಲ್ಲ. ಹೋಗೋದು ಅಷ್ಟೇ ಕರೆಂಟು, ಹೋಗೋ ಬಾಗಿಲು ಮಾತ್ರ ಸಣ್ಣದು. ಅದು ಸುಮ್ನೆ ಕುಂತಿರ್ತೈತೆ. ಬಿಸಿ ಒಳಗೊಳಗೇ ಬೆಳೀತಿರ್ತೈತೆ."

ಹೀಗೆ ಹೇಳುವಾಗ ಅವನ ದನಿ ತಗ್ಗುತ್ತಿತ್ತು. ಕೇಳಿದವರು ತಲೆಯಾಡಿಸಿ, ಅವನು ಹೋದ ಮೇಲೆ ಅಂಗಡಿಯಲ್ಲಿ ಯಾವುದು ಸಿಕ್ಕಿತೋ ಅದನ್ನು ಬೇರೆಯವರ ಕೈಲಿ ಹಾಕಿಸಿಕೊಳ್ಳುತ್ತಿದ್ದುದೂ ಉಂಟು.

ಮಾರಿಕಣಿವೆ ಡ್ಯಾಂ ಬಹಳ ವರ್ಷಗಳ ಮೇಲೆ ಕೋಡಿ ಬಿದ್ದ ನಂತರ ಅಲ್ಲಿ ಮೀನಿನ ವ್ಯಾಪಾರ ಜೋರಾಯಿತು. ಹಿರಿಯೂರಿನ ಮೋಹನ್‌ಕುಮಾರ್ ಎಂಬುವನು ಡ್ಯಾಂ ಕೆಳಗಿನ ರಸ್ತೆಯಲ್ಲಿ ಒಂದು ಮೀನಿನ ಗೋಡೌನ್ ಕಟ್ಟಿಸಿದ. ಉದ್ದನೆಯ ತಗಡಿನ ಶೆಡ್ಡು. ಒಂದು ತುದಿಯಲ್ಲಿ ತಂಪು ಕೋಣೆ, ಉಳಿದ ಹಜಾರದಲ್ಲಿ ಆರು ಹೆಂಗಸರು ಕೂತು ಕಾಟ್ಲಾ, ರೋಹು ಬೇರ್ಪಡಿಸಿ ಐಸು ಸುರಿದು ಥರ್ಮೊಕೋಲ್ ಡಬ್ಬಿಗಳಿಗೆ ತುಂಬುವ ಜಾಗ. ಬಾಗಿಲು ಒಂದೇ, ತಂಪು ಹೊರಗೆ ಹೋಗದಿರಲೆಂದು ಅದರ ಶಟರನ್ನೂ ಅರ್ಧ ಇಳಿಸಿರುತ್ತಿದ್ದರು. ಅದರ ವೈರಿಂಗ್ ಪೂರ್ತಿ ಜಬೀವುಲ್ಲಾನದೇ. ಡಿಬಿ ಬಾಕ್ಸನ್ನು ಹಜಾರದ ಒಣ ಗೋಡೆಗೆ, ಎದೆಮಟ್ಟಕ್ಕೆ ಕೂರಿಸಿದ್ದ. ಒಂದೇ ಕಂಪನಿಯ ಮಾಲು.

ಯುಗಾದಿ ಮತ್ತು ರಂಜಾನ್ ಬೆನ್ನಿಗೆ ಬೆನ್ನು ಹಚ್ಚಿ ಬಂದ ವರ್ಷ, ಯುಗಾದಿಯ ಬೆಳಗ್ಗೆ ಮೋಹನ್‌ಕುಮಾರ್ ಫೋನ್ ಮಾಡಿದ. ಜಬೀವುಲ್ಲಾನಿಗೆ ಅದು ರಂಜಾನಿನ ಕೊನೆಯ ರೋಜಾ, ಕೊನೆಯ ಉಪವಾಸ, ಇರಬಹುದಾದ ದಿನ.

"ಭಾಯ್, ಕಂಪ್ರೆಸರ್‌ದು ಎಂಸಿಬಿ ಕೆಟ್ಟೈತೆ, ಎತ್ತಿದ್ರೆ ನಿಲ್ತಿಲ್ಲ. ನಾಳೆ ವರ್ಷತೊಡಕು, ಊರೆಲ್ಲಾ ಬಾಡೂಟಕ್ಕೆ ಮೀನು ಕೇಳ್ತಾರೆ. ಒಳಗೆ ಎರಡು ಟನ್ ಮೀನೈತೆ. ಹೆಂಗಾರ ಮಾಡಿ ಬರ್ರಿ."

ಅವನು ಹೋದ. ಕೆಟ್ಟದ್ದನ್ನು ಬಿಚ್ಚಿದ. ಅದೇ ಕಂಪನಿಯದು ಬೇಕೆಂದರೆ ಹಿರಿಯೂರಿನಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿ ಮಾವಿನ ತೋರಣ ಕಟ್ಟಿಕೊಂಡಿದ್ದವು. ಗೊತ್ತಿದ್ದ ಅಂಗಡಿಯವನಿಗೆ ಫೋನ್ ಮಾಡಿದರೆ ಊರಲ್ಲಿಲ್ಲ. ಚೀಲದಲ್ಲಿ ಅಷ್ಟೇ ಆಂಪಿಯರಿನ, ಬೇರೆ ಕಂಪನಿಯದೊಂದು ಇತ್ತು. ಗಂಟೆ ಹನ್ನೊಂದು. ತಂಪು ಕೋಣೆಯ ಬಾಗಿಲ ಕೆಳಗಿಂದ ಐಸಿನ ನೀರು ಹರಿದು ಬರುತ್ತಿತ್ತು. ಮೋಹನ್‌ಕುಮಾರ್ ಪಕ್ಕದಲ್ಲೇ ನಿಂತು ಕೈ ಹೊಸೆಯುತ್ತಿದ್ದ.

ಜಬೀವುಲ್ಲಾ ಚೀಲದಿಂದ ಅರ ತೆಗೆದ. ಪಟ್ಟಿಯ ಹಲ್ಲುಗಳನ್ನು ಅಷ್ಟಿಷ್ಟು ತಿಕ್ಕಿದ, ಇಕ್ಕಳದಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದ. ಸ್ಕ್ರೂ ತಿರುಗಿಸಿದ. ಅದು ಕೂತಿತು. ಸ್ವಿಚ್ಚು ಎತ್ತಿದಾಗ ಕಂಪ್ರೆಸರ್ ಗುಡುಗಿ ಶುರುವಾಯಿತು, ಮೋಹನ್‌ಕುಮಾರ್ ಅವನ ಎರಡೂ ಕೈ ಹಿಡಿದುಕೊಂಡ.

"ಇದು ಎರಡು ದಿನಕ್ಕೆ ಮಾತ್ರ ಸ್ವಾಮಿ. ಹಬ್ಬ ಮುಗಿದ ತಕ್ಷಣ ಬಂದು ಬದ್ಲಾಯಿಸ್ತೀನಿ" ಎಂದ ಜಬೀವುಲ್ಲಾ. ಹೇಳುವಾಗ ಅದು ನಿಜವೇ ಆಗಿತ್ತು.

ಹಬ್ಬದ ಮಾರನೇ ದಿನ ಅವನ ಹೆಂಡತಿ ಬಷೀರುನ್ನೀಸಾ ಅಂಗಳದಲ್ಲಿ ಬಟ್ಟೆ ಒಗೆದ ನೀರಿನ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಮಗಳು ಸಿಮ್ರಾನ್ ಗಂಡನ ಮನೆಯಿಂದ ಬಂದು ಹದಿನೈದು ದಿನ ಇದ್ದು ಹೋದಳು. ಆಮೇಲೆ ಹೆಂಡತಿಯನ್ನು ಎತ್ತಿ ಕೂರಿಸುವುದು, ನಡೆಸುವುದು, ಗಂಜಿ ಕಾಯಿಸುವುದು ಎಲ್ಲ ಅವನ ಪಾಲಿಗೆ ಬಂತು. ಕೆಲಸ ನಿಂತಿತು. ಏಪ್ರಿಲ್ ಕಳೆಯಿತು. ಒಂದೆರಡು ಸಲ ಮೀನಿನ ಗೋಡೌನ್ ನೆನಪಾಗಿ ಫೋನ್ ಮಾಡಿದ. "ಜಮ್ಮಂತ ನಡೀತೈತೆ ಭಾಯ್, ಒಂದು ಸಲಾನೂ ಬಿದ್ದಿಲ್ಲ. ನೀವು ಅಕ್ಕಾರನ್ನ ನೋಡ್ಕಳ್ರಿ" ಎಂದು ಮೋಹನ್‌ಕುಮಾರ್ ಹೇಳಿದ. ಒಂದು ಸಲವೂ ಬಿದ್ದಿಲ್ಲ ಎಂಬ ಮಾತು ಜಬೀವುಲ್ಲಾನಿಗೆ ಹಿಡಿಸಲಿಲ್ಲ. ಆದರೆ ಒಳಗಿಂದ ಬಷೀರುನ್ನೀಸಾ ಕರೆದಳು, ಅವನು ಫೋನಿಟ್ಟು ಹೋದ.

ಮೇ ಕೊನೆಯ ವಾರ, ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಸಾಬ್ರೇ, ನಾನು ಜುಂಜಮ್ಮ. ಮೀನಿನ ಗೋಡೌನಿನಾಗೆ ಕೆಲಸ ಮಾಡ್ತೀನಲ್ಲ, ಗೊಲ್ಲರಹಟ್ಟಿಯೋಳು. ನಿಮ್ಮ ನಂಬರು ಕರೆಂಟಿನ ಡಬ್ಬಿ ಮೇಲೆ ಬರ್ದಿತ್ತು."

"ಹೇಳವ್ವ."

"ನಿಮ್ಮ ಕರೆಂಟಿನ ಡಬ್ಬಿಯಿಂದ ಮೀನಿನ ವಾಸನೆ ಬರ್ತೈತೆ."

ಹಿಂದಿನಿಂದ ಹೆಂಗಸರು ನಗುವುದು ಕೇಳಿಸಿತು. ಜುಂಜಮ್ಮ ನಗಲಿಲ್ಲ.

"ನಗ್ತಾರೆ ನೋಡ್ರಿ. ಮೀನಿನ ಗೋಡೌನಿನಾಗೆ ಮೀನು ನಾರದೆ ಇನ್ನೇನು ನಾರ್ತದೆ ಅಂತ ಧಣಿನೂ ನಿನ್ನೆ ಬೈದ್ರು. ನಾನು ಮೂರು ವರ್ಷದಿಂದ ಇಲ್ಲಿ ಮೀನು ಮುಟ್ತಾ ಇದೀನಿ. ಇದು ನಮ್ಮ ಕೆರೆ ಮೀನಲ್ಲ ಸಾಬ್ರೇ. ಗೋಡೆ ಕಡೆಯಿಂದ ಬರ್ತೈತೆ. ನಾಕು ದಿನ ಆತು. ಕಂಪ್ರೆಸರ್ ನಿಂತಾಗ ಕಮ್ಮಿ ಆಗುತ್ತೆ, ಶುರುವಾದ್ರೆ ಮತ್ತೆ ಬರ್ತೈತೆ."

ಜಬೀವುಲ್ಲಾ ಸ್ಕೂಟರಿನ ಕೀಲಿ ಕೈಗೆತ್ತಿಕೊಂಡ. ಆ ವಾಸನೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಂಸಿಬಿಯ ಮೈ ಬೇಯತೊಡಗಿದರೆ ಸುಟ್ಟ ವಾಸನೆ ಬರುವುದು ಕೊನೆಗೆ. ಅದಕ್ಕೆ ಮೊದಲು ಎಷ್ಟೋ ದಿನ ಕೊಳೆತ ಮೀನಿನ ವಾಸನೆ ಬರುತ್ತದೆ. ಬೇರೆ ಯಾವ ಮನೆಯಲ್ಲಾದರೂ ಜನ ಮೂಗು ಮುಚ್ಚಿಕೊಂಡು ಹುಡುಕುತ್ತಿದ್ದರು. ಅವನು ಆ ಬೇರೆ ಕಂಪನಿಯ ತುಂಡನ್ನು ಹಾಕಿದ್ದು, ಮೀನಿನ ವಾಸನೆ ಎಲ್ಲಿಂದ ಎಂದು ಯಾರೂ ಹುಡುಕದ ಜಾಗದಲ್ಲಿ.

"ಡಬ್ಬಿ ಹತ್ರ ಏನೈತೆ ಈಗ?"

"ಥರ್ಮೊಕೋಲ್ ಡಬ್ಬಿ ಅಟ್ಟ ಒಟ್ಟಿದ್ರು, ತಗಡಿನವರೆಗೂ. ನಂಗ್ಯಾಕೋ ಸರಿ ಕಾಣ್ಲಿಲ್ಲ. ಬೆಳಗ್ಗೆ ನಾನೇ ಎತ್ತಿ ಆ ಕಡೆ ಹಾಕಿದೆ. ಅದಕ್ಕೂ ಬೈಸ್ಕಂಡೆ."

"ನಿಮ್ಮ ಕೈ ಒದ್ದೆ ಇದಾವಾ?"

"ಐಸಿನಾಗೆ ಕೆಲಸ ಮಾಡೋರ ಕೈ ಒಣಗಿರ್ತಾವಾ?"

ಮೇನ್ ಸ್ವಿಚ್ಚು ಇಳಿಸು ಎಂದು ಹೇಳಲು ಹೊರಟವನು ಅಲ್ಲೇ ತಡೆದ. ಒದ್ದೆ ಕೈ, ಒದ್ದೆ ನೆಲ, ಒಳಗೆ ಏನು ಕರಗಿದೆಯೋ ಗೊತ್ತಿಲ್ಲದ ಪೆಟ್ಟಿಗೆ. "ಅದನ್ನ ಯಾರೂ ಮುಟ್ಟಬ್ಯಾಡ್ರಿ. ಎಲ್ಲಾರೂ ಹೊರಗೆ ಬರ್ರಿ. ಶಟರ್ ಪೂರ್ತಿ ಎತ್ರಿ. ನಾನು ಬರ್ತಿದೀನಿ" ಎಂದ.

"ಲಾರಿ ಬರೋ ಹೊತ್ತು ಸಾಬ್ರೇ. ಧಣಿ ಹೇಳದೆ ಹೊರಗೆ ಕುಂತ್ರೆ ಕೆಲಸಕ್ಕೆ ಬರಬ್ಯಾಡ ಅಂತಾರೆ."

ಮೋಹನ್‌ಕುಮಾರ್‌ಗೆ ಮೂರು ಸಲ ಫೋನ್ ಮಾಡಿದ. ಹೊಸದುರ್ಗದಲ್ಲಿ ಯಾವುದೋ ಮದುವೆಯಲ್ಲಿದ್ದ, ವಾಲಗದ ಸದ್ದಿನಲ್ಲಿ ಒಂದೂ ಸರಿಯಾಗಿ ಕೇಳಲಿಲ್ಲ. "ಸಂಜೆ ನೋಡಾಣ ಭಾಯ್" ಎಂದು ಕಟ್ ಮಾಡಿದ. ಗುರುತಿನ ಲೈನ್‌ಮನ್ ಫೋನ್ ಎತ್ತಲಿಲ್ಲ. ಜಬೀವುಲ್ಲಾ ಪಕ್ಕದ ಮನೆಯವರನ್ನು ಕರೆದು ಬಷೀರುನ್ನೀಸಾಳ ಬಳಿ ಕೂರಿಸಿ, ಸ್ಕೂಟರ್ ಹತ್ತಿದ.

ಜೋಗಿಮಟ್ಟಿಯ ಮೇಲಿನ ಗಾಳಿಯಂತ್ರಗಳು ಆ ದಿನ ಒಂದೂ ತಿರುಗುತ್ತಿರಲಿಲ್ಲ. ಬಿಸಿಲು ರಸ್ತೆಯಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ಹೈವೇಯಲ್ಲಿ ಲಾರಿಗಳ ಪಕ್ಕ ಅಂಚು ಹಿಡಿದು ಹೋಗುತ್ತ ಅವನು ಲೆಕ್ಕ ಹಾಕುತ್ತಿದ್ದ. ಬಿಸಿಲು ಹೆಚ್ಚಿದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಮಧ್ಯಾಹ್ನ ಹನ್ನೆರಡರ ಮೇಲೆ ಅದು ನಿಲ್ಲುವುದೇ ಇಲ್ಲ. ಐಮಂಗಲ ದಾಟಿದಾಗ ಗಂಟೆ ಹನ್ನೊಂದೂಕಾಲು. ಹಿರಿಯೂರಿನಲ್ಲಿ ಒಂದು ನಿಮಿಷ ನಿಂತು ಜುಂಜಮ್ಮನಿಗೆ ಫೋನ್ ಮಾಡಿದ. ರಿಂಗ್ ಆಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಎತ್ತಲಿಲ್ಲ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅವನ ಕಣ್ಣು ರಸ್ತೆಯ ಮೇಲಿರಲಿಲ್ಲ. ಗುಡ್ಡದ ಸಾಲಿನ ಮೇಲೆ ಎಲ್ಲಾದರೂ ಕಪ್ಪು ಹೊಗೆ ಕಾಣುತ್ತದೆಯೇ ಎಂದೇ ನೋಡುತ್ತಿದ್ದ.

ಹೊಗೆ ಇರಲಿಲ್ಲ. ಗೋಡೌನ್ ಮುಂದೆ ಲಾರಿ ನಿಂತಿತ್ತು. ಶಟರ್ ಅರ್ಧವೇ ಇತ್ತು. ಒಳಗೆ ಹೆಂಗಸರು ಕೆಲಸ ಮಾಡುತ್ತಿದ್ದರು, ಕಂಪ್ರೆಸರ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಜುಂಜಮ್ಮ ಮಾತ್ರ ಡಬ್ಬಿ ತುಂಬುವುದನ್ನು ಬಿಟ್ಟು, ಪೆಟ್ಟಿಗೆಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಒಣ ಗೋಣಿಚೀಲ ಹಿಡಿದು ನಿಂತಿದ್ದಳು. ಐವತ್ತರ ಹೆಂಗಸು, ಗಟ್ಟಿ ಮೂಳೆ, ಕೈ ತುಂಬ ಹಳೆಯ ಹಚ್ಚೆ.

"ಫೋನ್ ಎತ್ತಲಿಲ್ಲ" ಎಂದ ಜಬೀವುಲ್ಲಾ.

"ಕಣ್ಣು ತೆಗೆದ್ರೆ ಏನಾಗ್ತದೋ ಅಂತ ಇಲ್ಲೇ ನಿಂತ್ಕಂಡೆ" ಎಂದಳು ಅವಳು.

ಅವನು ಕೈಯ ಹಿಂಬದಿಯನ್ನು ಮುಚ್ಚಳದ ಹತ್ತಿರ ಒಯ್ದ. ಒಂದು ಗೇಣು ದೂರದಲ್ಲೇ ಬಿಸಿ ತಾಗಿತು. ಬಿಳಿ ಬಣ್ಣದ ಮೇಲೆ, ಆ ತುಂಡು ಇರುವ ಜಾಗದಲ್ಲಿ, ಚಹಾ ಚೆಲ್ಲಿದಂಥ ಕಲೆ. ಕೈಗವಸು ಹಾಕಿಕೊಂಡು, ಜುಂಜಮ್ಮನ ಗೋಣಿಚೀಲವನ್ನು ಕಾಲಡಿ ಮಡಿಸಿ ಹಾಕಿಕೊಂಡು, ಕಂಬದಿಂದ ಬರುವ ಲೈನಿನ ಮೇನ್ ಸ್ವಿಚ್ಚನ್ನು ಇಳಿಸಿದ. ಕಂಪ್ರೆಸರ್ ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ಪೆಟ್ಟಿಗೆಯೊಳಗೆ ಏನೋ ಟಿಕ್ ಟಿಕ್ ಎಂದು ಆರುತ್ತಿರುವುದು ಎಲ್ಲರಿಗೂ ಕೇಳಿಸಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು.

ಮುಚ್ಚಳ ತೆಗೆದ. ಅವನು ಅರ ಹಾಕಿ ತಿಕ್ಕಿದ್ದ ಹಲ್ಲುಗಳು ನೀಲಿಗೆ ತಿರುಗಿದ್ದವು. ಎಂಸಿಬಿಯ ಮೈ ಬೆಲ್ಲದ ಬಣ್ಣಕ್ಕೆ ಬಂದು ಒಂದು ಮಗ್ಗುಲು ಕುಸಿದಿತ್ತು. ಅದರ ಎಡಬಲದ ಎರಡೂ ಬೆಂದಿದ್ದವು. ಪೆಟ್ಟಿಗೆಯ ಕೆಳಗಿನ ತೂತಿನಿಂದ ಕರಗಿದ ಪ್ಲಾಸ್ಟಿಕ್ಕು ಇಳಿದು ಗೋಡೆಯ ಮೇಲೆ ಒಂದು ಕಪ್ಪು ಗೆರೆ ಎಳೆದು, ನೆಲದ ನೀರಿಗೆ ಬಿದ್ದು ಬಟನ್ನಿನಂತೆ ಗಟ್ಟಿಯಾಗಿತ್ತು. ಅದು ಬಿದ್ದಿದ್ದ ಜಾಗದಲ್ಲಿ ಬೆಳಗ್ಗೆಯವರೆಗೂ ಥರ್ಮೊಕೋಲ್ ಡಬ್ಬಿಗಳಿದ್ದವು. ಸ್ವಿಚ್ಚು ಮಾತ್ರ ಮೇಲಕ್ಕೇ ಇತ್ತು, ಬಿದ್ದಿರಲಿಲ್ಲ.

ಸಂಜೆ ನಾಲ್ಕಕ್ಕೆ ಮೋಹನ್‌ಕುಮಾರ್ ಬಂದ. ಮದುವೆಯ ರೇಷ್ಮೆ ಶರ್ಟಿನಲ್ಲೇ ಪೆಟ್ಟಿಗೆಯ ಮುಂದೆ ನಿಂತ. ಆಮೇಲೆ ಜಬೀವುಲ್ಲಾನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದ: "ಏನೂ ಆಗಿಲ್ವಲ್ಲ. ಹೆಂಗಸ್ರಿಗೆ ಇಲಿ ವೈರ್ ಕಡಿದಿತ್ತು ಅಂತ ಹೇಳ್ಬಿಡ್ರಿ. ಹೆದರಿದ್ರೆ ನಾಳೆಯಿಂದ ಬರಲ್ಲ."

"ಇಲಿ ಅಲ್ಲ ಸ್ವಾಮಿ. ನಾನು."

"ನಂಗೆ ಗೊತ್ತು. ನಾನೇ ತಾನೆ ಪಕ್ಕದಾಗೆ ನಿಂತು ಹಾಕ್ಸಿದ್ದು. ಈಗ ಹೊಸದು ಹಾಕ್ರಿ, ಮುಗೀತು."

ಹಿರಿಯೂರಿನಿಂದ ಹೊಸ ಪಟ್ಟಿ, ಒಂದೇ ಕಂಪನಿಯ ಹೊಸ ಎಂಸಿಬಿಗಳು ಬಂದವು. ಜಬೀವುಲ್ಲಾ ಎಲ್ಲವನ್ನೂ ಕೂರಿಸಿ, ಸುಟ್ಟ ತುಂಡನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಜುಂಜಮ್ಮ ಹತ್ತಿರ ಬಂದಳು.

"ಇಲಿ ಕಡಿದಿತ್ತಂತೆ? ಧಣಿ ಅಂದ್ರು."

"ಇಲ್ಲವ್ವ. ಇದು ಬೇರೆ ಕಂಪನಿಯದು. ಇಲ್ಲಿ ಕೂರೋದಲ್ಲ. ಯುಗಾದಿ ದಿನ ಯಾವುದೂ ಸಿಗ್ಲಿಲ್ಲ ಅಂತ ಹಾಕಿದ್ದು."

"ಗೊತ್ತಿದ್ದೂ ಹಾಕಿದ್ರಾ?"

"ಹೂಂ."

ಅವಳು ಬೈಯುತ್ತಾಳೆಂದು ಅವನು ಕಾದ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಅರ್ಧ ಇಳಿದ ಶಟರಿನ ಕಡೆ ನೋಡಿ, ಒಳಗಿದ್ದ ಐದು ಜನರ ಕಡೆ ನೋಡಿದಳು. ಆಮೇಲೆ ಗೋಣಿಚೀಲ ಎತ್ತಿಕೊಂಡು ಕೊಡವಿ, ಮನೆಗೆ ಹೊರಟಳು. ಮಾರನೇ ದಿನ ಅವಳು ಕೆಲಸಕ್ಕೆ ಬರಲಿಲ್ಲವೆಂದೂ, ಅಣ್ಣನ ಕುರಿಗಳ ಹಿಂದೆ ಹೋಗುತ್ತಿದ್ದಾಳೆಂದೂ ಆಮೇಲೆ ತಿಳಿಯಿತು.

ಮನೆಗೆ ಬಂದು ಅವನು ಬಷೀರುನ್ನೀಸಾಳಿಗೆ ಎಲ್ಲ ಹೇಳಿದ. ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ತಪ್ಪಿದೆ ನೋಡು, ಅದೇ ಹೀಗಾಯಿತು ಎಂದ. ಅವಳು ಗೋಡೆಗೊರಗಿ ಕೂತು ಕೇಳಿಸಿಕೊಂಡು, ಒಂದೇ ಸಲವೇ ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ಸಮಾಧಾನಕ್ಕೇ ಕೇಳಿದ್ದು. ಆದರೆ ಹೌದು ಎನ್ನಲು ಬಾಯಿ ತೆರೆದವನಿಗೆ ತಾಳ್ಯದ ಹಾಲಿನ ಡೈರಿ ನೆನಪಾಯಿತು. ಕೊರೊನಾ ಲಾಕ್‌ಡೌನ್ ಸಮಯ, ಅಂಗಡಿ ಯಾವುದೂ ತೆರೆದಿರಲಿಲ್ಲ. ಅಲ್ಲೂ ಬೇರೆ ಕಂಪನಿಯದನ್ನು ಕೂರಿಸಿ, ಎರಡು ದಿನಕ್ಕೆ ಎಂದೇ ಹೇಳಿದ್ದ. ಅದರ ಹಿಂದೆಯೇ ಹೊಳಲ್ಕೆರೆಯ ಒಂದು ಮನೆ, ಹೊಸದುರ್ಗದ ಒಂದು ಟೈಲರಿಂಗ್ ಅಂಗಡಿ. ಬೆಳಗಾಗುವ ಹೊತ್ತಿಗೆ, ಮೀನಿನ ಗೋಡೌನ್ ಬಿಟ್ಟು ಏಳು ಎಂದು ಗೊತ್ತಾಯಿತು. ಪ್ರತಿಯೊಂದನ್ನೂ ಹಾಕಿದ ಗಳಿಗೆ ನೆನಪಿತ್ತು. ಬದಲಾಯಿಸಿದ್ದು ಒಂದೂ ನೆನಪಿರಲಿಲ್ಲ.

ಮಾರನೇ ದಿನವೇ ಹೊರಟ. ಹೊಳಲ್ಕೆರೆಯ ಮನೆಯಲ್ಲಿ ಎಂಸಿಬಿ ತಣ್ಣಗಿತ್ತು. ಬರೀ ಎರಡು ಫ್ಯಾನಿನ ಲೈನು ಅದು. ಆದರೂ ಬಿಚ್ಚಿ ಬದಲಾಯಿಸಿ ಬಂದ. ಇನ್ನೆರಡು ಮನೆಗಳಲ್ಲಿ ಬೇರೆ ಯಾರೋ ಆಗಲೇ ಡಿಬಿ ಬಾಕ್ಸನ್ನೇ ಬದಲಾಯಿಸಿದ್ದರು. ಮತ್ತೊಂದು ಕಡೆ ಮನೆಯ ಯಜಮಾನ ಬಾಗಿಲಲ್ಲೇ ನಿಲ್ಲಿಸಿ, "ಚೆನ್ನಾಗಿರೋದನ್ನ ಯಾಕೆ ಕೆದಕ್ತೀರಿ" ಎಂದ. ಮೂರು ಸಲ ಹೋದ ಮೇಲೆ ಒಳಗೆ ಬಿಟ್ಟ.

ತಾಳ್ಯದಲ್ಲಿ ಡೈರಿ ನೋಡಿಕೊಳ್ಳುವ ಪಾಲಣ್ಣ ಅವನನ್ನು ಕೂರಿಸಿ ಹಾಲು ಕೊಟ್ಟ. "ಕುಂತ್ಕಳ್ರಿ ಜಬೀಭಾಯ್, ಐದು ವರ್ಷ ಆತು ನಿಮ್ಮನ್ನ ನೋಡಿ. ಆ ಎಂಸಿಬಿಯಾ? ಅದು ಬಹಳ ಒಳ್ಳೇದು. ಎಷ್ಟು ಲೋಡ್ ಹಾಕಿದ್ರೂ ಬೀಳಂಗಿಲ್ಲ."

ಜಬೀವುಲ್ಲಾ ಹಾಲಿನ ಲೋಟ ಕೆಳಗಿಟ್ಟು ಎದ್ದ. ಮುಚ್ಚಳದ ಮೇಲೆ ಸಹಕಾರ ಸಂಘದ ಕ್ಯಾಲೆಂಡರ್ ತೂಗುಹಾಕಿದ್ದರು. ಅದನ್ನು ಸರಿಸಿದಾಗ, ಕಾಗದದ ಹಿಂಬದಿ ಹಪ್ಪಳದಂತೆ ಕಂದಿ, ಮುಟ್ಟಿದರೆ ಉದುರುವ ಹಾಗಾಗಿತ್ತು. ಬದಲಾಯಿಸಿ ಮುಗಿಯುವವರೆಗೂ ಪಾಲಣ್ಣ ಪಕ್ಕದಲ್ಲೇ ಟಾರ್ಚು ಹಿಡಿದು ನಿಂತಿದ್ದ.

ಹೊಸದುರ್ಗದಲ್ಲಿ ಟೈಲರಿಂಗ್ ಅಂಗಡಿ ಇರಲಿಲ್ಲ. ಅದರ ಜಾಗದಲ್ಲಿ ಬಾಗಿಲಿಲ್ಲದ ಒಂದು ಮಳಿಗೆ, ಗೋಡೆ ಸೂರಿನವರೆಗೆ ಕಪ್ಪು. ಎದುರಿನ ಬೀಡಾ ಅಂಗಡಿಯವನನ್ನು ಕೇಳಿದ.

"ಹೋದ ದೀಪಾವಳಿ ಹಿಂದೆಮುಂದೆ ಸುಟ್ಟೋತು. ಮಧ್ಯಾಹ್ನ ಊಟಕ್ಕೆ ಹೋಗಿದ್ರು, ಅದಕ್ಕೇ ಬದುಕಿದ್ರು. ಶಾರ್ಟ್ ಸರ್ಕಿಟ್ ಅಂದ್ರು."

"ಎಲ್ಲಿಂದ ಶುರುವಾಗಿತ್ತಂತೆ?"

"ಯಾರಿಗ್ಗೊತ್ತು? ಪಟಾಕಿ ಅಂತಾನೂ ಅಂದ್ರು. ಅಂಗಡಿಯವನು ಊರು ಬಿಟ್ಟು ಹೋದ. ಯಾಕ್ರಿ, ನಿಮ್ಮ ಬಟ್ಟೆ ಇದ್ವಾ ಒಳಗೆ?"

ಜಬೀವುಲ್ಲಾ ಒಳಗೆ ಹೋಗಿ ಗೋಡೆ ನೋಡಿದ. ಡಿಬಿ ಬಾಕ್ಸ್ ಇದ್ದ ಕಡೆ ನಾಲ್ಕು ತೂತುಗಳು ಮಾತ್ರ ಇದ್ದವು. ಗುಜರಿಯವರು ತಾಮ್ರವನ್ನೆಲ್ಲ ಕಿತ್ತುಕೊಂಡು ಹೋಗಿದ್ದರು. ಅದು ತನ್ನ ತುಂಡಿನಿಂದ ಆಯಿತೇ, ಪಟಾಕಿಯಿಂದ ಆಯಿತೇ ಎಂದು ಹೇಳಬಲ್ಲ ಒಂದು ಚೂರೂ ಅಲ್ಲಿ ಉಳಿದಿರಲಿಲ್ಲ. ಅವನು ಮಸಿಯಾದ ಕೈಯನ್ನು ಒರೆಸಿಕೊಳ್ಳದೆ ಸ್ಕೂಟರ್ ಹತ್ತಿದ. ಆ ಟೈಲರಿನ ಹೆಸರೇ ತನಗೆ ಗೊತ್ತಿಲ್ಲ ಎಂಬುದು ಅರ್ಧ ದಾರಿಯಲ್ಲಿ ಹೊಳೆಯಿತು.

ಅಲ್ಲಿಗೆ ಆರಾಯಿತು.

ಏಳನೆಯದು ಎಲ್ಲಿ ಎಂದು ಅವನಿಗೆ ನೆನಪಾಗುತ್ತಿಲ್ಲ. ಹಾಕಿದ್ದು ಖಂಡಿತ. ಹಸಿರು ಎಣ್ಣೆಬಣ್ಣದ ಗೋಡೆ. ಹೊರಗೆ ಯಾರೋ ಕುಟ್ಟಾಣಿಯಲ್ಲಿ ಕುಟ್ಟುತ್ತಿದ್ದರು. ಸ್ಕ್ರೂ ಕೊನೆಯ ಸುತ್ತಿಗೆ ಬಂದಾಗ ಒಂದು ಬಗೆಯ ಕಿರ್ ಎಂಬ ಸದ್ದು ಬಂದು, ಅದು ಸರಿಯಿಲ್ಲವೆಂದು ಕೈಗೆ ಗೊತ್ತಾಗಿತ್ತು. ಇಷ್ಟೇ. ಊರು ಯಾವುದು, ಯಾರ ಮನೆ, ಯಾವ ವರ್ಷ, ಒಂದೂ ಇಲ್ಲ. ಬಷೀರುನ್ನೀಸಾ ಈಗ ಕೋಲು ಹಿಡಿದು ನಡೆಯುತ್ತಾಳೆ. ಅವಳೂ ತನಗೆ ನೆನಪಿರುವ ಊರುಗಳನ್ನೆಲ್ಲ ಹೇಳಿ ನೋಡಿದಳು. ಆಗಲಿಲ್ಲ.

ಜುಮ್ಮಾ ನಮಾಜು ಮುಗಿಸಿ ಪ್ರತಿ ಶುಕ್ರವಾರ ಅವನು ಒಂದೊಂದು ದಿಕ್ಕಿಗೆ ಹೋಗುತ್ತಾನೆ. ಹಸಿರು ಗೋಡೆ ಕಂಡಲ್ಲಿ ನಿಲ್ಲಿಸಿ, ಡಿಬಿ ಬಾಕ್ಸ್ ಒಂದು ಸಲ ನೋಡಬಹುದೇ ಎಂದು ಕೇಳುತ್ತಾನೆ. ಕೆಲವರು ತೋರಿಸುತ್ತಾರೆ, ಕೆಲವರು ಗದರಿಸಿ ಕಳಿಸುತ್ತಾರೆ. ಹೋದ ವಾರ ಹೊಸದುರ್ಗದ ಕಡೆಯ ಒಂದು ಹಿಟ್ಟಿನ ಗಿರಣಿಯಲ್ಲಿ ಗೋಡೆ ಹಸಿರಾಗಿತ್ತು. ಮುಚ್ಚಳ ತೆಗೆದ. ಒಳಗೆ ಎಲ್ಲ ಒಂದೇ ಕಂಪನಿಯವು, ಯಾರೋ ಅಚ್ಚುಕಟ್ಟಾಗಿ ಕೂರಿಸಿದ್ದರು. ಗಿರಣಿಯ ಹೆಂಗಸು ಮೈಮೇಲಿನ ಹಿಟ್ಟು ಕೊಡವುತ್ತ, "ಏನು ಕಳ್ಕಂಡೀರಿ ಸಾಬ್ರೇ?" ಎಂದು ಕೇಳಿದಳು.

"ಇಲ್ಲಿ ಅಲ್ಲ ತಾಯಿ" ಎಂದು ಅವನು ಮುಚ್ಚಳ ಹಾಕಿದ. ಪಕ್ಕದ ಊರಿನಲ್ಲಿ ಹಸಿರು ಬಣ್ಣದ ಮನೆಗಳಿವೆಯೇ ಎಂದು ಕೇಳಿದ. ಎರಡು ಮೂರು ಇರಬೇಕು ಎಂದಳು ಅವಳು. ಜಬೀವುಲ್ಲಾ ಚೀಲ ಕಾಲ ಬಳಿ ಇಟ್ಟುಕೊಂಡು, ಆ ಕಡೆಗೆ ಸ್ಕೂಟರ್ ತಿರುಗಿಸಿದ.